ಒಂದಕ್ಷರವನ್ನೂ ಬರೆಯದ ಶಾಯಿ

ಬೆಳಗಿನ ಜಾವ ಐದೂ ಮುಕ್ಕಾಲು. ಸೂಲಿಬೆಲೆಗೆ ಹತ್ತಿರದ ಹಳ್ಳಿಯೊಂದರ ನಡುಮನೆಯಲ್ಲಿ ದೇವೇಂದ್ರ ನೆಲದ ಮೇಲೆ ಕುಳಿತು, ಸಣ್ಣ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಪ್ರಿಂಟರಿನ ಹೊಟ್ಟೆಯೊಳಗೆ ಇಣುಕುತ್ತಿದ್ದಾರೆ. ಪಕ್ಕದಲ್ಲಿ ಬಿಸಿನೀರಿನ ಪಾತ್ರೆ. ಅದರೊಳಗೆ ಬ್ಯಾಟರಿಗೆ ಹಾಕುವ ನೀರಿನ ಪುಟ್ಟ ಬಾಟಲಿಯನ್ನು ಮುಳುಗಿಸಿಟ್ಟು ಬೆಚ್ಚಗೆ ಮಾಡಿಕೊಂಡಿದ್ದಾರೆ. ಸೂಜಿಯಿಲ್ಲದ ಒಂದು ಸಿರಿಂಜು, ಹಳೇ ಪಂಚೆಯ ತುಂಡು, ಮಕ್ಕಳು ಬಣ್ಣ ಹಚ್ಚುವ ಬ್ರಷ್ಷು, ಇಷ್ಟೇ ಅವರ ಆಯುಧಗಳು.

ಬ್ರಷ್ಷಿನ ತುದಿಗೆ ಏನೋ ಕೆಂಪಗೆ ಹತ್ತಿಕೊಂಡು ಬರುತ್ತದೆ. ಅದು ಇಂಕಲ್ಲ.

"ಕುಂಕುಮ," ಎನ್ನುತ್ತಾರೆ ದೇವೇಂದ್ರ, ಟಾರ್ಚನ್ನು ಬಾಯಿಂದ ತೆಗೆದು. "ಆಯುಧಪೂಜೆದು. ಇಲ್ಲಿ ರಬ್ಬರ್ ಮುಚ್ಚಳ ಐತಲ್ಲ, ಕೆಲಸ ಮುಗಿದ್ಮೇಲೆ ಹೆಡ್ಡು ಬಂದು ಇದರ ಮೇಲೆ ಕೂತ್ಕಬೇಕು. ಅಂಚಿಗೆ ಒಂದು ಕಾಳಷ್ಟು ಕುಂಕುಮ ಸಿಕ್ಕಾಕೊಂಡ್ರೂ ಗಾಳಿ ಆಡುತ್ತೆ, ಇಂಕು ಒಣಗುತ್ತೆ. ಸ್ಕೂಟರಿಗೆ ಇಟ್ಟಂಗೆ ಇದಕ್ಕೂ ಇಡ್ತಾರೆ. ಬೇಡ ಅನ್ನಕ್ಕಾಗುತ್ತಾ?"

ಬಾಗಿಲ ಬಳಿ ನಿಂತಿರುವವರು ಮನೆಯ ಸೊಸೆ ಅಕ್ಷತ. ಎಂಟು ಕಿಲೋಮೀಟರ್ ಆಚೆಯ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಇವತ್ತು ಇಪ್ಪತ್ತಾರು ಮಕ್ಕಳಿಗೆ ಕಿರುಪರೀಕ್ಷೆ. ಪ್ರಶ್ನೆಪತ್ರಿಕೆಯನ್ನು ಮನೆಯಲ್ಲೇ ತೆಗೆದುಕೊಳ್ಳೋಣವೆಂದು ಐದು ಗಂಟೆಗೆ ಎದ್ದು ಪ್ರಿಂಟರ್ ಹಚ್ಚಿದರೆ ಮೊದಲು ಬಂದದ್ದು ಬಿಳಿ ಹಾಳೆ. ಎರಡನೆಯದರಲ್ಲಿ ಬೆಕ್ಕು ಪರಚಿದಂತೆ ನಾಲ್ಕು ಗೆರೆ. ಎಂಟೂವರೆಗೆ ಬಸ್ಸು, ಅಷ್ಟು ಹೊತ್ತಿಗೆ ಆ ದಾರಿಯಲ್ಲಿ ಯಾವ ಜೆರಾಕ್ಸ್ ಅಂಗಡಿಯೂ ತೆರೆದಿರುವುದಿಲ್ಲ. ಅದಕ್ಕೇ ಮನೆಮನೆಗೆ ಹೋಗಿ ಪ್ರಿಂಟರ್ ರಿಪೇರಿ ಮಾಡುವ ದೇವೇಂದ್ರರಿಗೆ ಫೋನು ಮಾಡಿದ್ದರು.

"ಇನ್ನೊಂದೆರಡು ಸಲ ಕ್ಲೀನಿಂಗ್ ಕೊಟ್ಬಿಡಿ ಅಣ್ಣ, ಬಂದ್ಬಿಡುತ್ತೇನೋ," ಎನ್ನುತ್ತಾರೆ ಅಕ್ಷತ.

"ನೀವು ಎಷ್ಟು ಸಲ ಕೊಟ್ರಿ ಮೇಡಂ?"

"ನಾಲ್ಕು."

"ಅದು ಕುಡ್ದಿದ್ದು ಸಾಕು. ಈಗ ಒಂದು ಗಂಟೆ ಎಲ್ರೂ ಸುಮ್ನಿರೋಣ."

ಅಕ್ಷತ ಗಡಿಯಾರ ನೋಡುತ್ತಾರೆ. ದೇವೇಂದ್ರ ನೋಡುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಪಂಚೆಯ ತುಂಡನ್ನು ಮಡಿಸಿ ಒಳಗೆ ಹಾಸಿ, ಇಂಕು ಚಿಮ್ಮುವ ಹೆಡ್ಡನ್ನು ಮೆಲ್ಲಗೆ ಎಳೆದು ಅದರ ಮೇಲೆ ಕೂರಿಸುತ್ತಾರೆ. ಒಣಗಿ ಕಟ್ಟಿಕೊಂಡಿರುವ ಇಂಕು ತಾನಾಗಿ ನೆನೆದು ಬಿಡಬೇಕು. ಅದಕ್ಕೆ ಬೇಕಿರುವುದು ಹೊತ್ತು, ಇನ್ನಷ್ಟು ಇಂಕಲ್ಲ. ಇಷ್ಟು ಸರಳವಾದ ಮಾತನ್ನು ಕೇಳಿಸಿಕೊಳ್ಳುವ ತಾಳ್ಮೆ ಯಾರಿಗೂ ಇಲ್ಲದಿರುವುದರಿಂದಲೇ ಲೋಕದಲ್ಲಿ ಇಷ್ಟೊಂದು ಇಂಕಿನ ಬಾಟಲಿಗಳು ಖರ್ಚಾಗುತ್ತವೆ.

ಅಪರೂಪಕ್ಕೊಮ್ಮೆ ಹಚ್ಚುವ ಪ್ರಿಂಟರು ಬರೆಯುವುದಕ್ಕಿಂತ ಕುಡಿಯುವುದೇ ಹೆಚ್ಚು. ಕ್ಲೀನಿಂಗ್ ಎಂದು ಒತ್ತಿದಾಗಲೆಲ್ಲ ಅದು ತನ್ನ ಟ್ಯಾಂಕಿನಿಂದಲೇ ಇಂಕು ಹೀರಿ, ತಳದಲ್ಲಿರುವ ದಪ್ಪ ಪ್ಯಾಡಿಗೆ ಉಗುಳುತ್ತದೆ. ಪ್ಯಾಡು ತುಂಬಿತೆಂದು ಅದಕ್ಕೇ ಅನ್ನಿಸಿದ ದಿನ ಕೆಂಪು ದೀಪ ಮಿಟುಕಿಸಿ ಕೆಲಸ ನಿಲ್ಲಿಸುತ್ತದೆ. 'ಇದಕ್ಕೆ ಹಾಕೋ ದುಡ್ಡಿಗೆ ಇನ್ನಷ್ಟು ಸೇರಿಸಿದ್ರೆ ಹೊಸದೇ ಬರುತ್ತೆ' ಎಂಬ ಉಪದೇಶ ಅಂಗಡಿಗಳಲ್ಲಿ ಪುಕ್ಕಟೆ ಸಿಗುತ್ತದೆ. ದೇವೇಂದ್ರ ಉಪದೇಶ ಕೊಡುವುದಿಲ್ಲ. ತಳ ಬಿಚ್ಚಿ, ಪ್ಯಾಡು ತೆಗೆದು, ತೊಳೆದು, ಒಣಗಿಸಿ ಮತ್ತೆ ಹಾಕುತ್ತಾರೆ. ತೊಳೆದ ಇಂಕನ್ನು ಮಣ್ಣಿಗೆ ಸುರಿಯಲು ಅವರಿಗೆ ಮನಸ್ಸಿಲ್ಲ. ಸೂಲಿಬೆಲೆಯ ಅವರ ಬಾಡಿಗೆ ಮನೆಯ ಬಚ್ಚಲ ಹಿಂದೆ ಅಡುಗೆ ಎಣ್ಣೆಯ ಮೂರು ಕ್ಯಾನುಗಳಿವೆ. ನೀರು ಬೆರೆತದ್ದೂ ಸೇರಿ ಹದಿನಾಲ್ಕು ಲೀಟರ್. ಎಲ್ಲ ಬಣ್ಣಗಳೂ ಕೂಡಿ ಕೆಸರಿನ ಬಣ್ಣವಾಗಿದೆ.

"ಅಷ್ಟೂ ಒಂದಕ್ಷರಾನೂ ಬರೀದೆ ಸತ್ತೋಗಿರೋ ಇಂಕು," ಎನ್ನುತ್ತಾರೆ ಅವರು. "ಅದನ್ನ ನೋಡ್ದಾಗೆಲ್ಲ ಹೊಟ್ಟೆ ಉರಿಯುತ್ತೆ."

ಹೆಡ್ಡು ನೆನೆಯುವ ಈ ಒಂದು ಗಂಟೆಯಲ್ಲೇ ಅವರ ಕಥೆ ಕೇಳಿಕೊಳ್ಳಬೇಕು. ಮಿಕ್ಕ ಹೊತ್ತು ಅವರು ಗಾಡಿಯ ಮೇಲಿರುತ್ತಾರೆ. ವಯಸ್ಸು ನಲವತ್ಮೂರು. ಪಿಯುಸಿ ಮುಗಿಸಿ ಅದೂ ಇದೂ ಮಾಡಿ, ಹೊಸಕೋಟೆಯಲ್ಲಿ ವಸಂತ್ ಎಂಬುವರ ಕಂಪ್ಯೂಟರ್ ಅಂಗಡಿ ಸೇರಿದರು. ಹನ್ನೊಂದು ವರ್ಷ ಅಲ್ಲೇ ದುಡಿದರು. ಶಾಲೆಗಳು ಬಾಗಿಲು ಹಾಕಿದ ಆ ಎರಡು ವರ್ಷಗಳಲ್ಲಿ ಹಳ್ಳಿಹಳ್ಳಿಯ ಮನೆಗೂ ಪ್ರಿಂಟರ್ ಬಂತು. ಪಾಠ ಮೊಬೈಲಿನಲ್ಲಿ, ಹೋಂವರ್ಕು ಹಾಳೆಯಲ್ಲಿ. ಶಾಲೆ ತೆರೆಯಿತು, ಪ್ರಿಂಟರು ಉಳಿಯಿತು. ಈಗ ಟೀವಿಯ ಪಕ್ಕದಲ್ಲಿ ಹಳೇ ಟವೆಲ್ಲು ಹೊದ್ದುಕೊಂಡು, ಆಧಾರ್ ಕಾರ್ಡಿಗೋ ಪಹಣಿಗೋ ತಿಂಗಳಿಗೊಮ್ಮೆ ಏಳುತ್ತದೆ. ಏಳುವಾಗ ಒಣಗಿರುತ್ತದೆ.

ಒಣಗುವುದಕ್ಕೆ ಕಾರಣಗಳು ಹಲವು. ಆದರೆ ಈ ಸೀಮೆಯಲ್ಲಿ ದೇವೇಂದ್ರ ಹೆಚ್ಚಾಗಿ ಕಂಡಿರುವುದು ಒಂದೇ ಕಾರಣ, ಮತ್ತು ಅದು ಒಳ್ಳೆಯತನದ್ದು. ಕರೆಂಟು ಪೋಲಾಗಬಾರದು, ಸಿಡಿಲಿಗೆ ಸುಟ್ಟುಹೋಗಬಾರದು ಎಂದು ಮನೆಯ ಹಿರಿಯರು ಯಾವುದನ್ನೇ ಆಗಲಿ ಗೋಡೆಯ ಸ್ವಿಚ್ಚಿನಲ್ಲಿ ಆರಿಸುತ್ತಾರೆ. ಹಾಳೆ ಹೊರಗೆ ಬಿತ್ತು, ಟಕ್. ಹೆಡ್ಡು ಇನ್ನೂ ನಡುದಾರಿಯಲ್ಲಿರುತ್ತದೆ. ಮುಚ್ಚಳದ ಮೇಲೆ ಹೋಗಿ ಕೂರಲು ಅದಕ್ಕೆ ಎರಡು ಗಳಿಗೆ ಬೇಕು, ಆ ಎರಡು ಗಳಿಗೆಯನ್ನು ಯಾರೂ ಕೊಡುವುದಿಲ್ಲ. ಬಾಯಿ ತೆರೆದುಕೊಂಡೇ ತಿಂಗಳುಗಟ್ಟಲೆ ಒಣಗುತ್ತದೆ. ಆಮೇಲೆ ಕ್ಲೀನಿಂಗು, ಮತ್ತೆ ಕ್ಲೀನಿಂಗು.

ಈ ಮನೆಯಲ್ಲಿ ಆ ಕೈ ಅಕ್ಷತ ಅವರ ಅತ್ತೆ ಮಾರಕ್ಕನದು. ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಈಗಷ್ಟೇ ಒಳಗೆ ಬಂದಿದ್ದಾರೆ.

"ಅಮ್ಮ, ಹೋದ್ವರ್ಷ ಈ ಸ್ವಿಚ್ಚಿನ ಮೇಲೆ ಬಿಳೀ ಟೇಪು ಅಂಟಿಸಿ ಬರೆದೋಗಿದ್ನಲ್ಲ, ಎಲ್ಲೋಯ್ತು?" ಎಂದು ಕೇಳುತ್ತಾರೆ ದೇವೇಂದ್ರ.

"ಯುಗಾದಿಗೆ ಗೋಡೆ ಒರೆಸ್ವಾಗ ಕಿತ್ಕಂಡ್ ಬಂತು ಕಣಪ್ಪಾ. ಗಲೀಜಾಗಿತ್ತು."

"ವಾರಕ್ಕೊಂದು ಕಲರ್ ಹಾಳೆ ತೆಗೀರಿ ಅಂದಿದ್ನಲ್ಲ? ಇಂಕು ಓಡಾಡ್ತಿದ್ರೆ ಒಣಗಲ್ಲ ಅಂತ?"

ಅತ್ತೆ ಸೊಸೆಯ ಮುಖ ನೋಡುತ್ತಾರೆ, ಸೊಸೆ ಅತ್ತೆಯ ಮುಖ. ಕೊನೆಗೆ ಅಕ್ಷತ ಒಳಗೆ ಹೋಗಿ ಟ್ರಂಕಿನಿಂದ ಒಂದು ಕಟ್ಟು ತಂದಿಡುತ್ತಾರೆ. ಹಳದಿ ಬಟ್ಟೆಯಲ್ಲಿ ಸುತ್ತಿದ ಕಟ್ಟು. ಬಿಚ್ಚಿದರೆ ಸುಬ್ರಹ್ಮಣ್ಯ ಸ್ವಾಮಿಯ ಪಟ, ಒಂದರ ಕೆಳಗೊಂದು, ಒಟ್ಟು ಮೂವತ್ತೊಂದು. ಹೇಗೂ ಬಣ್ಣದ ಹಾಳೆ ತೆಗೆಯಬೇಕಲ್ಲ, ಮನೆದೇವರದೇ ತೆಗೆಯೋಣವೆಂದು ಅಕ್ಷತ ವಾರವಾರವೂ ತಪ್ಪದೆ ತೆಗೆದಿದ್ದಾರೆ. ಮೂವತ್ತೊಂದನೆಯ ವಾರ ಮಾರಕ್ಕ ಅಡ್ಡ ಬಂದರು.

"ದೇವ್ರ ಪಟ ಕಸಕ್ಕೆ ಹಾಕಕ್ಕಾಯ್ತದಾ? ಹರಿಯಕ್ಕಾಯ್ತದಾ? ಎಷ್ಟು ಮನೆಗೆ ಅಂತ ಹಂಚದು? ಟ್ರಂಕಲ್ಲಿ ಸೀರೆ ಇಡಕ್ಕೇ ಜಾಗ ಇಲ್ದಂಗಾಯ್ತು. ಸಾಕು ನಿಲ್ಸು ಅಂದೆ," ಎನ್ನುತ್ತಾರೆ ಮಾರಕ್ಕ.

ದೇವೇಂದ್ರ ನಕ್ಕುಬಿಡುತ್ತಾರೆ. ಬೆಳಗಿನಿಂದ ಇದೊಂದೇ ನಗು. ಇಂಥದ್ದನ್ನು ಅವರು ಇನ್ನೂ ನಾಲ್ಕಾರು ಮನೆಗಳಲ್ಲಿ ಕಂಡಿದ್ದಾರಂತೆ. ಅದಕ್ಕೇ ಈಗ ತಮ್ಮದೇ ಒಂದು ಉಪಾಯ ಮಾಡಿಕೊಂಡಿದ್ದಾರೆ. ಅವರ ಪೆನ್‌ಡ್ರೈವಿನಲ್ಲಿ ಎಂಟು ಪುಟಗಳಿವೆ. ಒಂದೊಂದರಲ್ಲೂ ಬೆರಳಗಲದ ನಾಲ್ಕು ಬಣ್ಣದ ಪಟ್ಟಿಯಷ್ಟೇ, ಮಿಕ್ಕದ್ದು ಖಾಲಿ. ಮೊದಲ ವಾರದ ಪಟ್ಟಿ ಹಾಳೆಯ ತಲೆಯಲ್ಲಿ, ಎರಡನೆಯ ವಾರದ್ದು ಅದರ ಕೆಳಗೆ. ಅದೇ ಹಾಳೆಯನ್ನು ಎಂಟು ವಾರ ಮತ್ತೆ ಮತ್ತೆ ಹಾಕಬಹುದು. ಒಂದು ಸಲಕ್ಕೆ ಖರ್ಚಾಗುವ ಇಂಕು ಒಂದು ತೊಟ್ಟೂ ಇಲ್ಲ. ಅದರಲ್ಲಿ ದೇವರಿಲ್ಲ, ಅಕ್ಷರವಿಲ್ಲ, ಆದ್ದರಿಂದ ಕಡೆಗೆ ಒಲೆಗೆ ಹಾಕಲು ಯಾರೂ ಅಂಜಬೇಕಾಗಿಲ್ಲ.

ಈ ಬುದ್ಧಿವಂತಿಕೆಗೆ ಅವರಿಗೆ ಸಿಕ್ಕ ಸನ್ಮಾನ ಏನೆಂದರೆ, ಮಾತು ಕೇಳಿದ ಮನೆಯವರು ಮತ್ತೆ ಕರೆಯುವುದಿಲ್ಲ. ಮಿಷನ್ ಕೆಡದಿದ್ದರೆ ಯಾಕೆ ಕರೆಯುತ್ತಾರೆ? ಗಾರ್ಮೆಂಟ್ಸಿಗೆ ಹೋಗುವ ಅವರ ಹೆಂಡತಿ ಕವಿತ ಇದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: "ಊರಿಗೆ ಉಪಕಾರಿ, ಮನೆಗೆ ಮಾರಿ." ದಿನಕ್ಕೆ ಮೂರು ಮನೆ, ಕೆಲವು ದಿನ ನಾಲ್ಕು. ಹೊಸಕೋಟೆಯಿಂದ ದೊಡ್ಡಬಳ್ಳಾಪುರದವರೆಗೆ ಅರವತ್ತು ಎಪ್ಪತ್ತು ಕಿಲೋಮೀಟರ್ ಓಡಾಟ. ಎಷ್ಟು ಮನೆ ಆಯಿತು ಎಂದು ಕೇಳಿದರೆ ಅವರು ಬಿಳಿ ಟೇಪಿನ ಲೆಕ್ಕ ಹೇಳುತ್ತಾರೆ. ಒಂದು ರೋಲಿನಲ್ಲಿ ನೂರ ಎಂಬತ್ತು ಮನೆ. ಹದಿನೈದನೆಯ ರೋಲು ಮುಗಿಯುತ್ತಾ ಬಂದಿದೆ.

ಹೀಗೆ ಮನೆಮನೆಯ ಗೋಡೆಗೆ ಟೇಪು ಅಂಟಿಸಿಕೊಂಡು ತಿರುಗುವ ಮನುಷ್ಯ ಒಂದು ಕಾಲದಲ್ಲಿ ಬಾಯಿ ಮುಚ್ಚಿಕೊಂಡಿದ್ದವನು. ಆ ಕಥೆಯನ್ನು ಅವರು ಇಷ್ಟು ದಿನ ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ.

ಮೂರು ವರ್ಷದ ಹಿಂದಿನ ಮಾತು. ದೇವನಹಳ್ಳಿ ಕಡೆಯ ಒಂದು ಹಳ್ಳಿಯಿಂದ ನರಸಿಂಹಯ್ಯ ಎಂಬ ಹಿರಿಯರು ತಮ್ಮ ಮನೆಯ ಪ್ರಿಂಟರನ್ನು ವಸಂತ್ ಅಂಗಡಿಗೆ ತಂದರು. ಒಣಗಿತ್ತು, ದೇವೇಂದ್ರ ಸರಿ ಮಾಡಿದರು. ಕೊಡುವಾಗ ಗೋಡೆ ಸ್ವಿಚ್ಚಿನ ಮಾತು ಹೇಳಬೇಕಿತ್ತು. ಹೇಳಲಿಲ್ಲ. ಯಾಕೆಂದರೆ ಅದಕ್ಕೆ ಮೊದಲೇ ವಸಂತ್ ಅವರನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿದ್ದರು.

"ವಸಂತಣ್ಣ ಕೆಟ್ಟೋನಲ್ಲ. 'ಗುರು, ನೀನು ಹಿಂಗೆ ಎಲ್ಲಾರ್ಗೂ ಪಾಠ ಮಾಡ್ತಾ ಕೂತ್ರೆ ನಾನು ಅಂಗಡಿ ಮುಚ್ಕೊಂಡು ಹೋಗ್ಬೇಕಾಗುತ್ತೆ. ರಿಪೇರಿ ಮಾಡು, ಕೊಡು, ಮಾತು ಬೇಡ' ಅಂದ್ರು. ಸಂಬಳ ಕೊಡೋರು. ನಾನು ಸುಮ್ನಾದೆ," ಎನ್ನುತ್ತಾರೆ ದೇವೇಂದ್ರ.

ಒಂದು ತಿಂಗಳಾಯಿತು. ನರಸಿಂಹಯ್ಯನವರ ಮೊಮ್ಮಗಳು ನವ್ಯಶ್ರೀಗೆ ಸರ್ಕಾರಿ ಹುದ್ದೆಯೊಂದರ ಪರೀಕ್ಷೆ. ಭಾನುವಾರ, ಬೆಂಗಳೂರಿನಲ್ಲಿ. ಪ್ರಿಂಟರು ಹೊಸದಾಗಿ ರಿಪೇರಿಯಾಗಿದೆ, ಹೊರಡುವ ಮುಂಚೆ ಹಾಲ್ ಟಿಕೆಟ್ ತೆಗೆದುಕೊಂಡರಾಯಿತು ಎಂದು ಮನೆಯವರು ನಿಶ್ಚಿಂತೆಯಿಂದಿದ್ದರು. ಬೆಳಗ್ಗೆ ಐದಕ್ಕೆ ಹಚ್ಚಿದರೆ ಹಾಳೆಯ ಮೇಲೆ ಗೆರೆಗಳು, ಹುಡುಗಿಯ ಫೋಟೋ ಇರಬೇಕಾದ ಕಡೆ ಬಿಳಿ ಚೌಕ. ಕ್ಲೀನಿಂಗ್ ಮೇಲೆ ಕ್ಲೀನಿಂಗ್ ಕೊಟ್ಟರು, ಒಂಬತ್ತು ಸಲ. ಕಪ್ಪು ಇಂಕಿನ ಟ್ಯಾಂಕು ಬರಿದಾಯಿತು. ಆ ಹಾಳೆಯನ್ನೇ ಹಿಡಿದು ಹೋದರೆ ಗೇಟಿನಲ್ಲಿ ನಡೆಯುವುದಿಲ್ಲ ಎಂದರು. ಭಾನುವಾರ ಬೆಳಗ್ಗೆ ನಗರದಲ್ಲಿ ತೆರೆದ ಅಂಗಡಿ ಹುಡುಕಿ, ತೆಗೆಸಿಕೊಂಡು, ಓಡಿ ಬರುವಷ್ಟರಲ್ಲಿ ಹತ್ತು ನಿಮಿಷ ತಡವಾಗಿತ್ತು. ಗೇಟು ಮುಚ್ಚಿತ್ತು. ಫೋಟೋ ಸ್ಪಷ್ಟವಾಗಿ ಮೂಡಿದ ಹಾಲ್ ಟಿಕೆಟ್ಟು ಕೈಯಲ್ಲಿತ್ತು. ಆ ಹುದ್ದೆಗೆ ಇವತ್ತಿನವರೆಗೂ ಮತ್ತೆ ಅರ್ಜಿ ಕರೆದಿಲ್ಲ.

ಮಾರನೆಯ ದಿನ ನರಸಿಂಹಯ್ಯ ಆಟೋದಲ್ಲಿ ಪ್ರಿಂಟರ್ ಹೇರಿಕೊಂಡು ಬಂದರು, ಜೊತೆಯಲ್ಲಿ ಮೊಮ್ಮಗಳು. "ಲೇ, ಏನೋ ರಿಪೇರಿ ಮಾಡ್ದೆ ನೀನು? ನಮ್ಮ ಮಗೀನ ಬಾಳು ಹಾಳು ಮಾಡಿಬಿಟ್ಟಲ್ಲೋ!" ಎಂದು ಅಂಗಡಿ ತುಂಬ ಜನರ ಮುಂದೆ ಕೂಗಿದರು. ದೇವೇಂದ್ರ ಪ್ರಿಂಟರಿನ ಮೇಲ್ಮುಚ್ಚಳ ಎತ್ತಿ ನೋಡಿದರು. ಹೆಡ್ಡು ನಡುದಾರಿಯಲ್ಲಿ ನಿಂತಿತ್ತು. ನೋಡಿದ ಕೂಡಲೇ ಎಲ್ಲ ತಿಳಿಯಿತು. ಅಷ್ಟರಲ್ಲಿ ಹಿರಿಯರೇ ಹೇಳಿದರು: "ನಮ್ಮನೇಲಿ ಎಷ್ಟು ಜೋಪಾನ ಗೊತ್ತೇನೋ? ಹಾಳೆ ಆಚೆ ಬಿದ್ದೇಟಿಗೆ ನಾನೇ ಎದ್ದೋಗಿ ಗೋಡೇಲಿ ಆರಿಸ್ತೀನಿ. ಒಂದಿನ ತಪ್ಪಿಸಿಲ್ಲ."

ಅದನ್ನು ಹೇಳುತ್ತಾ ದೇವೇಂದ್ರ ಸಿರಿಂಜನ್ನು ಒರೆಸಿ ಪಕ್ಕಕ್ಕಿಡುತ್ತಾರೆ. "ಅದನ್ನ ಎಷ್ಟು ಹೆಮ್ಮೆಯಿಂದ ಅಂದ್ರು ಗೊತ್ತಾ? ನಿಮ್ಮ ಆ ಕೈಯಿಂದಲೇ ಆಗಿದ್ದು ಯಜಮಾನ್ರೇ ಅಂತ ಹೆಂಗೆ ಅನ್ನಲಿ? ಅಂದಿದ್ರೆ ಆ ಮುದುಕ್ರು ಅವತ್ತೇ ಕುಸಿದೋಗೋರು. ನಾನು ಅವರ ಮೇಲಿನ ಕನಿಕರಕ್ಕೆ ಸುಮ್ನಿದ್ನೋ, ಮೊದ್ಲೇ ಹೇಳ್ಲಿಲ್ಲ ಅನ್ನೋದು ಆಚೆ ಬರುತ್ತೆ ಅಂತ ಹೆದ್ರಿ ಸುಮ್ನಿದ್ನೋ, ನಂಗೇ ಗೊತ್ತಿಲ್ಲ. ಎರಡೂ ಇತ್ತು ಅಂತ ಇಟ್ಕೊಳಿ."

ಆ ವಾರವೇ ಅಂಗಡಿ ಬಿಟ್ಟರು. ತಾವಾಗಿಯೇ ಬಿಟ್ಟರೂ ಸುದ್ದಿ ಹರಡಿದ್ದು ಬೇರೆ ಥರ. ಕೆಲಸ ಕೆಡಿಸಿದ್ದಕ್ಕೆ ಓಡಿಸಿದರು, ಹುಡುಗಿಯ ನೌಕರಿ ಕಳೆದವನು ಇವನೇ, ಎಂದು. ದೇವನಹಳ್ಳಿ ಕಡೆಯ ಐದು ಹಳ್ಳಿಗಳಿಂದ ಮೂರು ವರ್ಷ ಒಂದು ಫೋನೂ ಬರಲಿಲ್ಲ. ನಿಜ ಹೇಳಿದ್ದರೆ ಅವರ ಹೆಸರು ಉಳಿಯುತ್ತಿತ್ತು. ಹೇಳಲಿಲ್ಲ. ಅದರ ಬದಲು ಬಿಳಿ ಟೇಪಿನ ಮೊದಲ ರೋಲು ಕೊಂಡರು.

ಎರಡು ತಿಂಗಳ ಹಿಂದೆ ನರಸಿಂಹಯ್ಯ ತೀರಿಕೊಂಡರು. ತಿಥಿಗೆ ಇವರನ್ನು ಕರೆದವರಿಲ್ಲ. ತಿಥಿ ಮುಗಿದ ಮರುದಿನ ದೇವೇಂದ್ರ ತಾವಾಗಿಯೇ ಹೋದರು. ಇನ್ನು ಹೇಳಿದರೆ ನೋಯುವ ಜೀವ ಇಲ್ಲ, ಆ ಹುಡುಗಿಗಾದರೂ ತಿಳಿಯಲಿ ಎಂದು. ನವ್ಯಶ್ರೀ ಈಗ ಹೊಸಕೋಟೆ ಹತ್ತಿರದ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ವಿಳಾಸದ ಚೀಟಿ ತೆಗೆದು ಅಂಟಿಸುವ ಕೆಲಸದಲ್ಲಿದ್ದಾಳೆ. ಒಂದು ಪಾಳಿಗೆ ಎರಡು ಸಾವಿರ ಚೀಟಿ. ಅಲ್ಲಿನ ಮಿಷನ್ನಿಗೆ ಇಂಕೇ ಬೇಕಿಲ್ಲ, ಕಾಗದಕ್ಕೆ ಬಿಸಿ ತಾಗಿ ಅಕ್ಷರ ಮೂಡುತ್ತದೆ.

ಜಗಲಿಯ ಮೇಲೆ ಕೂರಿಸಿ ಎಲ್ಲ ಕೇಳಿಸಿಕೊಂಡಳಂತೆ. ಆಮೇಲೆ ಹೇಳಿದಳಂತೆ: "ನಂಗೆ ಅವತ್ತೇ ಗೊತ್ತಾಗಿತ್ತು ಅಣ್ಣ. ನಿಮ್ಮಂಗಡಿಯಿಂದ ವಾಪಸ್ ಬರ್ತಾ ಆಟೋದಲ್ಲೇ ಫೋನಲ್ಲಿ ಹುಡುಕಿ ನೋಡ್ದೆ. ಗೋಡೇಲಿ ಆರಿಸ್ಬೇಡಿ ಅಂತ ಮೊದಲನೇದೇ ಅದೇ ಬಂತು. ಪಕ್ಕದಲ್ಲೇ ತಾತ ಕೂತಿದ್ರು. ಏನಂತ ಹೇಳ್ಲಿ? ಯಾರ್ದಾದ್ರೂ ಒಬ್ರುದು ತಪ್ಪು ಆಗ್ಲೇಬೇಕಿತ್ತಲ್ಲ. ನಿಮ್ದು ಅಂತ ಬಿಟ್ಬಿಟ್ಟೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎಳೆದವರಿಗೆ ಯಾವುದು ಎತ್ತು ಯಾವುದು ಎಮ್ಮೆ ಎಂದು ಚೆನ್ನಾಗಿ ಗೊತ್ತಿತ್ತು. ಸಿಟ್ಟು ಬರಲಿಲ್ಲವೇ ಎಂದು ದೇವೇಂದ್ರರನ್ನು ಕೇಳಿದರೆ:

"ಬಂತು. ಯಾಕೆ ಸುಳ್ಳು ಹೇಳ್ಲಿ, ಮೈಯೆಲ್ಲ ಉರಿದೋಯ್ತು. ಮೂರು ವರ್ಷ! ನಿಂಗೆ ಗೊತ್ತಿತ್ತಲ್ಲವ್ವ, ಒಂದು ಮಾತು ಹೇಳ್ಬಹುದಿತ್ತಲ್ಲ ಅಂದೆ." ದೇವೇಂದ್ರ ಪಂಚೆಯ ತುಂಡಿನ ಅಂಚು ಎತ್ತಿ ನೋಡುತ್ತಾರೆ. "ಆ ಮಗು ನನ್ನ ಮುಖಾನೇ ನೋಡ್ತಾ, 'ನಿಮ್ಗೂ ಗೊತ್ತಿತ್ತಲ್ಲ ಅಣ್ಣ. ರಿಪೇರಿ ಮಾಡಿ ಕೊಟ್ಟ ದಿನ ನೀವೂ ಒಂದು ಮಾತು ಹೇಳ್ಬಹುದಿತ್ತಲ್ಲ' ಅಂತು."

ಕಾಫಿ ಕೊಟ್ಟಳು, ಕುಡಿದರು, ಎದ್ದು ಬಂದರು. ಆ ಮನೆಯಲ್ಲಿ ಪ್ರಿಂಟರು ಇನ್ನೂ ಇದೆ, ಟವೆಲ್ಲಿನ ಕೆಳಗೆ. ಸರಿ ಮಾಡಿಕೊಡಲೇ ಎಂದು ಕೇಳುವ ಧೈರ್ಯ ತಮಗೆ ಬರಲಿಲ್ಲ ಎನ್ನುತ್ತಾರೆ.

ಏಳು ಗಂಟೆ. ಪಂಚೆಯ ತುಂಡಿನ ಮೇಲೆ ನಾಲ್ಕು ಬಣ್ಣದ ಕಲೆಗಳು ಹರಡಿವೆ. ನೆನೆದಿದೆ ಎಂದರ್ಥ. ದೇವೇಂದ್ರ ಬಟ್ಟೆ ತೆಗೆದು, ಮುಚ್ಚಳದ ರಬ್ಬರನ್ನು ಮತ್ತೊಮ್ಮೆ ಒರೆಸಿ, ಒಂದೇ ಒಂದು ಸಲ ಕ್ಲೀನಿಂಗ್ ಕೊಡುತ್ತಾರೆ. ಬಣ್ಣ ಸರಿಯಾಗಿ ಬೀಳುತ್ತಿದೆಯೇ ಎಂದು ನೋಡುವ ಟೆಸ್ಟ್ ಹಾಳೆ ಹೊರಗೆ ಬರುತ್ತದೆ. ಕಪ್ಪು, ನೀಲಿ, ಕೆಂಪು, ಹಳದಿ, ಒಂದು ಗೆರೆಯೂ ಮುರಿದಿಲ್ಲ. ಆಮೇಲೆ ತೆಳು ಇಂಕಿನ ಆಯ್ಕೆ ಒತ್ತಿ ಪ್ರಶ್ನೆಪತ್ರಿಕೆ ತೆಗೆಯುತ್ತಾರೆ. ಮಕ್ಕಳು ಓದುವುದಕ್ಕೆ ಅಷ್ಟು ಕಪ್ಪು ಸಾಕು. ಇಪ್ಪತ್ತಾರೂ ಬರುತ್ತವೆ. ಅಕ್ಷತ ಅವನ್ನು ಎದೆಗೆ ಒತ್ತಿಕೊಂಡು ಸೀರೆ ಉಡಲು ಓಡುತ್ತಾರೆ.

ಕೊನೆಯ ಕೆಲಸ ಗೋಡೆಯದು. ಜೇಬಿನಿಂದ ಟೇಪಿನ ರೋಲು ತೆಗೆದು, ಹಲ್ಲಿನಿಂದ ಕತ್ತರಿಸಿ, ಸ್ವಿಚ್ಚಿನ ಪಕ್ಕ ಅಂಟಿಸಿ ಮಾರ್ಕರಿನಲ್ಲಿ ಬರೆಯುತ್ತಾರೆ: 'ಮೊದಲು ಮಿಷನ್ ಸ್ವಿಚ್. ಅದರ ಲೈಟು ಆರಿದ ಮೇಲೆ ಗೋಡೆ ಸ್ವಿಚ್.' ಬರೆದದ್ದನ್ನು ಮಾರಕ್ಕನಿಂದ ಮೂರು ಸಲ ಹೇಳಿಸುತ್ತಾರೆ, ಮಗ್ಗಿ ಒಪ್ಪಿಸಿದಂತೆ. ಮಾರಕ್ಕನಿಗೆ ನಗು. "ಆಯ್ತು ಕಣಪ್ಪಾ, ನಂಗೇನು ಮರೆವಾ?"

"ನಂಗೆ ದೊಡ್ಡ ಆಸೆ ಏನಿಲ್ಲ," ಎನ್ನುತ್ತಾರೆ ದೇವೇಂದ್ರ, ಚೀಲಕ್ಕೆ ಸಿರಿಂಜು ತುಂಬಿಕೊಳ್ಳುತ್ತಾ. "ಆ ಡಬ್ಬದ ಮೇಲೆ ಏನೇನೋ ಭಾಷೇಲಿ ಏನೇನೋ ಬರೆದಿರ್ತಾರೆ. ಈ ಒಂದು ಸಾಲನ್ನ ಕನ್ನಡದಲ್ಲಿ, ವಯಸ್ಸಾದೋರ ಕಣ್ಣಿಗೆ ಕಾಣೋಷ್ಟು ದಪ್ಪಕ್ಕೆ ಬರೆದ್ರೆ ಸಾಕು. ಆಮೇಲೆ ನಾನು ಬೇಕಾಗಲ್ಲ. ಬೇಡ ಬಿಡಿ. ಬೇರೆ ಕೆಲಸ ನೋಡ್ಕೋತೀನಿ."

ಇನ್ನೂರು ರೂಪಾಯಿ ಜೇಬಿಗೆ ಹಾಕಿಕೊಂಡು ಅಂಗಳಕ್ಕೆ ಇಳಿಯುತ್ತಾರೆ. ಮುಂದಿನ ಮನೆ ದೊಡ್ಡಬಳ್ಳಾಪುರದ ದಾರಿಯಲ್ಲಿ, ಒಂಬತ್ತು ಗಂಟೆಯೊಳಗೆ ತಲುಪಬೇಕು. ಚಪ್ಪಲಿ ಮೆಟ್ಟಿ, ಗಾಡಿ ಹತ್ತಿ, ಕೀಲಿ ತಿರುಗಿಸುತ್ತಾರೆ.

ಕಿಟಕಿಯಿಂದ ಒಂದು ಸದ್ದು ಕೇಳುತ್ತದೆ. ಟಕ್.

ಒಳಗೆ ಪ್ರಿಂಟರಿನ ಹಸಿರು ದೀಪ ಇದ್ದಕ್ಕಿದ್ದಂತೆ ಆರಿದೆ. ಮಾರಕ್ಕನ ಕೈ ಇನ್ನೂ ಗೋಡೆಯ ಮೇಲಿದೆ. ಐವತ್ತು ವರ್ಷ ಮನೆ ಕಾಪಾಡಿದ ಕೈ, ತನ್ನ ಪಾಡಿಗೆ ತಾನು ಹೋಗಿ ಆರಿಸಿದೆ. ಆ ತಾಯಿ ಗೋಡೆಯ ಟೇಪನ್ನೂ ತಮ್ಮ ಕೈಯನ್ನೂ ನೋಡುತ್ತಾ ನಿಂತುಬಿಟ್ಟಿದ್ದಾರೆ.

ದೇವೇಂದ್ರ ಗಾಡಿಯಿಂದ ಇಳಿಯುತ್ತಾರೆ. ಮುಖದಲ್ಲಿ ಬೇಸರ ಇಲ್ಲವೆಂದರೆ ಸುಳ್ಳಾದೀತು. ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ ಮತ್ತೆ ಒಳಗೆ ಹೋಗಿ, ಪ್ರಿಂಟರಿನ ಮುಂದೆ ಕೂರುತ್ತಾರೆ.

"ಪರವಾಗಿಲ್ಲ ಅಮ್ಮ, ಬನ್ನಿ ಕೂತ್ಕೊಳಿ," ಎನ್ನುತ್ತಾರೆ. "ಇನ್ನೊಂದ್ಸಲ ಹೇಳ್ತೀನಿ."